ಸಂಚಿಯೊಳಗಿನ ಹೊಗೆಸೊಪ್ಪು

ಹಳೆಯ ಮನೆಗಳಲ್ಲಿ ಅಜ್ಜಿಯರ ಸೊಂಟದಲ್ಲಿ ಬಟ್ಟೆಯ ಸಂಚಿಯೊಂದು ಇರುತ್ತಿತ್ತು. ದಾರ ಎಳೆದರೆ ಬಾಯಿ ಮುಚ್ಚಿಕೊಳ್ಳುವ, ಒಳಗೆ ಮೂರು ನಾಲ್ಕು ಅರೆಗಳಿರುವ ಸಂಚಿ. ಒಂದರಲ್ಲಿ ವೀಳ್ಯದೆಲೆ, ಇನ್ನೊಂದರಲ್ಲಿ ಅಡಿಕೆ, ಪುಟ್ಟ ಡಬ್ಬಿಯಲ್ಲಿ ಸುಣ್ಣ, ಕೊನೆಯ ಅರೆಯಲ್ಲಿ ಹೊಗೆಸೊಪ್ಪು. ಜಗಲಿಗೆ ಬಂದು ಕೂತವರ ಮುಂದೆ ಸಂಚಿ ಬಿಚ್ಚುವುದೆಂದರೆ ಮಾತಿಗೆ ಕರೆದಂತೆ. ಎಲೆಅಡಿಕೆ ಕೊಡದೆ ಕಳಿಸಿದರೆ ಮರ್ಯಾದೆಗೆ ಕುಂದು.

ಈ ನಾಲ್ಕು ಪದಾರ್ಥಗಳಲ್ಲಿ ಹೊಗೆಸೊಪ್ಪು ತೀರ ಈಚಿನದು. ತಾಂಬೂಲ ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಇದೆ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳ ಜೊತೆ ನಮ್ಮ ಕರಾವಳಿಗೆ ಬಂದದ್ದು. ಮೊಘಲ್ ಅಧಿಕಾರಿ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ನಮ್ಮ ವಿಜಯಪುರದಲ್ಲಿ, 1604ರ ಸುಮಾರಿಗೆ. ಆದಿಲಶಾಹಿ ರಾಜಧಾನಿಯಿಂದ ಒಂದಿಷ್ಟು ಸೊಪ್ಪನ್ನೂ ಸೇದುವ ಕೊಳವೆಯನ್ನೂ ಅವನು ಅಕ್ಬರನಿಗೆ ಒಯ್ದ. ಗೊತ್ತಿಲ್ಲದ ವಸ್ತು, ಸೇದಬೇಡಿ ಎಂದು ಆಸ್ಥಾನದ ವೈದ್ಯ ತಡೆದ. ಆದರೆ ಅಸದ್ ಬೇಗ್ ಉಳಿದದ್ದನ್ನು ಸರದಾರರಿಗೆ ಹಂಚಿದ್ದ. ರುಚಿ ಕಂಡವರು ಮತ್ತೆ ಕೇಳಿದರು, ವ್ಯಾಪಾರಿಗಳು ತರಿಸಿ ಮಾರತೊಡಗಿದರು, ಚಟ ಹಬ್ಬಿತು.

ಹೊಗೆಸೊಪ್ಪಿನ ಚರಿತ್ರೆಯ ತಿರುಳೆಲ್ಲ ಈ ಪ್ರಸಂಗದಲ್ಲಿದೆ. ಜಾಹೀರಾತು ಹುಟ್ಟುವ ಎಷ್ಟೋ ಮೊದಲೇ ಅದು ಕೈಯಿಂದ ಕೈಗೆ, ಸ್ನೇಹದ ಮೂಲಕ, ಉಪಚಾರದ ಮೂಲಕ ಹಬ್ಬಿತು. ಒಂಟಿಯಾಗಿ ಕೂತು ಇದನ್ನು ಕಲಿತವರು ಕಡಿಮೆ. ಹಾಗಿರುವಾಗ ಬಿಡುವ ಕೆಲಸವನ್ನು ಮಾತ್ರ ಒಬ್ಬೊಬ್ಬರ ಮನೋಬಲಕ್ಕೆ ಒಪ್ಪಿಸಿ, ಬಿಡಲಾಗದವರನ್ನು ದೂರುವುದು ನ್ಯಾಯವಲ್ಲ. ಊರು ಕಲಿಸಿದ್ದನ್ನು ಊರೇ ಬಿಡಿಸಬೇಕು. ಇದು ಬರೀ ಆಶಯದ ಮಾತಲ್ಲ. ಕೋಲಾರದ ಹಳ್ಳಿಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ.

ಕೆನ್ನೆಯೊಳಗೆ ನಡೆಯುವುದು

ಎಲೆಗೆ ಸುಣ್ಣ ಹಚ್ಚುವುದು ರುಚಿಗೆ, ಕೆಂಪಿಗೆ ಎಂದು ನಾವು ತಿಳಿದಿದ್ದೇವೆ. ಅದರ ಹಿಂದೆ ಇನ್ನೊಂದು ರಸಾಯನಶಾಸ್ತ್ರವಿದೆ. ಸುಣ್ಣ ಬಾಯಿಯನ್ನು ಕ್ಷಾರೀಯವಾಗಿಸುತ್ತದೆ. ಅಲ್ಲಿ ಹೊಗೆಸೊಪ್ಪಿನ ನಿಕೋಟಿನ್ ವಿದ್ಯುದಾವೇಶ ಕಳೆದುಕೊಂಡು ಬೇರೊಂದು ರೂಪಕ್ಕೆ ತಿರುಗುತ್ತದೆ. ಆ ರೂಪದಲ್ಲಿ ಅದು ಕೆನ್ನೆಯ ಒಳಪೊರೆಯನ್ನು ಸಲೀಸಾಗಿ ದಾಟಿ ರಕ್ತ ಸೇರುತ್ತದೆ. ಮಿದುಳಿನ ಗ್ರಾಹಕಗಳಿಗೆ ಅಂಟಿ ಡೋಪಮಿನ್ ಬಿಡುಗಡೆ ಮಾಡಿಸುತ್ತದೆ. ಹಸಿವು ಮಂದವಾಗುತ್ತದೆ, ದಣಿವು ಮರೆಯುತ್ತದೆ, ಮನಸ್ಸು ಹಗುರಾಗುತ್ತದೆ. ದಣಿವು ಮರೆಯಲು ಹಾಕುತ್ತೇವೆ ಎನ್ನುವ ಕಳೆ ಕೀಳುವ ಹೆಣ್ಣುಮಗಳು, ಕಲ್ಲು ಹೊರುವ ಕೂಲಿಯಾಳು ಸುಳ್ಳು ಹೇಳುತ್ತಿಲ್ಲ. ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ಅದು ಅಷ್ಟು ಗಟ್ಟಿ.

ನಿಕೋಟಿನ್ ಹಿಡಿದಿಡುತ್ತದೆ, ಕೊಲ್ಲುವುದು ಬೇರೆ. ಸೊಪ್ಪನ್ನು ಒಣಗಿಸಿ, ಹದಗೊಳಿಸಿ, ಕೂಡಿಡುವಾಗ ಅದರಲ್ಲೇ ನೈಟ್ರೊಸಮೀನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇವು ದೇಹದೊಳಗೆ ಮಾರ್ಪಟ್ಟು ಜೀವಕೋಶಗಳ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಕೋಶ ವಿಭಜಿಸುವಾಗ ನಕಲು ತಪ್ಪುತ್ತದೆ. ಒಂದು ತಪ್ಪನ್ನು ದೇಹ ತಿದ್ದಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ವರ್ಷ ದಿನವೂ ಒಂದೇ ಜಾಗದಲ್ಲಿ ತಪ್ಪುಗಳು ಕೂಡುತ್ತಿದ್ದರೆ ತಿದ್ದಲು ಆಗುವುದಿಲ್ಲ. ಅಗಿದು ಒತ್ತರಿಸಿಟ್ಟುಕೊಳ್ಳುವ ಆ ಜಾಗದಲ್ಲೇ, ಅಂದರೆ ಕೆನ್ನೆ ಮತ್ತು ವಸಡಿನ ಸಂದಿಯಲ್ಲಿ, ನಮ್ಮ ದೇಶದ ಬಾಯಿ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲ.

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಡಾ. ಎ. ನಂದಕುಮಾರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಲೆಕ್ಕದಲ್ಲಿ ತೋರಿಸಿತು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವ ಹೆಂಗಸರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ, ಹಾಕದವರಿಗಿಂತ ಸುಮಾರು 25 ಪಟ್ಟು ಹೆಚ್ಚಿತ್ತು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಬಾಯಲ್ಲಿರುತ್ತದೆ ಎಂಬುದರ ಜೊತೆಜೊತೆಗೆ ಅಪಾಯವೂ ಏರುತ್ತಿತ್ತು. ದವಡೆಯಲ್ಲಿ ಇಟ್ಟುಕೊಂಡೇ ಮಲಗುವ ರೂಢಿಯಿದ್ದವರಿಗೆ ಅಪಾಯ ವಿಪರೀತ.

ಹೊಗೆಸೊಪ್ಪು ತೆಗೆದರೆ ಉಳಿದದ್ದು ನಿರಪಾಯ ಎಂದುಕೊಳ್ಳುವಂತಿಲ್ಲ. ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ವರ್ಗೀಕರಿಸಿದೆ. ಬಾಯಿಯೊಳಗಿನ ಪೊರೆ ಬಿಗಿದು, ಬಾಯಿ ತೆರೆಯಲಾಗದಂತೆ ಆಗುವ ಕಾಯಿಲೆಗೆ ಅಡಿಕೆಯೇ ಮುಖ್ಯ ಕಾರಣ. ಅಡಿಕೆ ಬೆಳೆಯುವ ನಾಡಿನವರಿಗೆ ಇದು ಕಹಿ ಮಾತು. ಕಹಿಯೆಂದು ನುಂಗಿಕೊಳ್ಳುವಂತಿಲ್ಲ.

ಯಾರ ಬಾಯಿ, ಯಾರ ಕ್ಯಾನ್ಸರ್

ಕಿದ್ವಾಯಿಯಲ್ಲಿ ಬೆಂಗಳೂರು ನಗರದ ಕ್ಯಾನ್ಸರ್ ನೋಂದಣಿ 1982ರಲ್ಲಿ ಆರಂಭವಾಯಿತು. ಮೊದಲ ವರ್ಷಗಳ ಪಟ್ಟಿಗಳಲ್ಲೇ ಒಂದು ವಿಶೇಷ ಎದ್ದು ಕಂಡಿತು. ಬಾಯಿ ಕ್ಯಾನ್ಸರ್ ಎಂದರೆ ಗಂಡಸರ ರೋಗ ಎಂಬುದು ಜಗತ್ತಿನ ಹೆಚ್ಚಿನ ಕಡೆಯ ಅನುಭವ. ಇಲ್ಲಿ ಗಂಡಸರಿಗಿಂತ ಹೆಂಗಸರಲ್ಲೇ ಅದರ ಪ್ರಮಾಣ ಹೆಚ್ಚಿತ್ತು.

ಕಾರಣ ನಮ್ಮ ನಡವಳಿಕೆಯಲ್ಲಿದೆ. ಹೆಂಗಸು ಬೀಡಿ ಹಚ್ಚಿದರೆ ಊರು ಆಡಿಕೊಳ್ಳುತ್ತದೆ. ಕಡ್ಡಿಪುಡಿ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ. ‘ಹಲ್ಲುನೋವಾ? ಒಂದು ಎಸಳು ಇಟ್ಕೊಳಮ್ಮ’ ಎಂದು ಅತ್ತೆಯೇ ಕೊಟ್ಟಿರುತ್ತಾಳೆ. ಕಡ್ಡಿಪುಡಿ ಎಂದರೆ ಹೊಗೆಸೊಪ್ಪಿನ ಕಡ್ಡಿ, ತೊಟ್ಟುಗಳ ಪುಡಿ. ಅಗ್ಗದ ಸರಕು, ಬಡವರ ಸರಕು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಹೆಂಗಸರಲ್ಲಿ ಧೂಮಪಾನಿಗಳು ನೂರಕ್ಕೆ 2. ಹೊಗೆರಹಿತ ತಂಬಾಕು ಬಳಸುವವರು ನೂರಕ್ಕೆ 12.8. ಎಲ್ಲ ಬಗೆಯ ತಂಬಾಕನ್ನು ಕೂಡಿಸಿದರೆ ದೇಶದ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಬಳಕೆದಾರರು. ಅಂದರೆ ಇಪ್ಪತ್ತಾರು ಕೋಟಿಗೂ ಮಿಕ್ಕಿ ಜನ. ಓದು ಕಡಿಮೆಯಾದಂತೆ, ಆದಾಯ ಕಡಿಮೆಯಾದಂತೆ ಬಳಕೆ ಏರುತ್ತದೆ.

ಅಸಮಾನತೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕ್ಯಾನ್ಸರುಗಳಲ್ಲಿ ಬರಿಗಣ್ಣಿಗೆ ಕಾಣುವಂಥದ್ದು ಬಾಯಿ ಕ್ಯಾನ್ಸರ್. ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಒಂದರ ಮೇಲೊಂದು ಹಿಡಿದರೆ ಒಳಗೆ ಹೋಗದಷ್ಟು ಬಿಗಿದ ಬಾಯಿ. ನೋಡಲು ಟಾರ್ಚು ಸಾಕು. ಆದರೂ ಬಹುಪಾಲು ರೋಗಿಗಳು ಆಸ್ಪತ್ರೆ ಮುಟ್ಟುವುದು ರೋಗ ಬಲಿತ ಮೇಲೆ. ಮೊದಲಲ್ಲಿ ನೋವಿರುವುದಿಲ್ಲ. ನೋವಿಲ್ಲದ ಮಚ್ಚೆಗಾಗಿ ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಜೊತೆಗೊಬ್ಬರನ್ನು ಕರೆದುಕೊಂಡು, ಗುರುತು ಪರಿಚಯವಿಲ್ಲದ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಯಾರು? ರೋಗ ಎಲ್ಲರಿಗೂ ಬರಬಹುದು. ತಡವಾಗಿ ಪತ್ತೆಯಾಗುವುದು ಮಾತ್ರ ಬಡವರ ಪಾಲಿಗೆ ಹೆಚ್ಚು. ಈ ತಡವೇ ಪ್ರಾಣ ತೆಗೆಯುತ್ತದೆ.

ಕೋಲಾರದ ಹಳ್ಳಿಗಳು ತೋರಿಸಿದ್ದು

ಊರೂರಿಗೆ ಹೋಗಿ ಹೇಳಿದರೆ ಜನ ಬಿಡುತ್ತಾರೆಯೇ? ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡವರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಾ. ಫಲಿ ಮೆಹ್ತಾ, ಡಾ. ಪ್ರಕಾಶ್ ಗುಪ್ತಾ ಮತ್ತು ಸಂಗಡಿಗರು ಮೊದಲಿಗರು. ಎರ್ನಾಕುಲಂ, ಭಾವನಗರ, ಶ್ರೀಕಾಕುಳಂ ಜಿಲ್ಲೆಗಳ 36,000 ತಂಬಾಕು ಬಳಕೆದಾರರನ್ನು ಅವರು ವರ್ಷವರ್ಷವೂ ಕಂಡು, ಬಾಯಿ ಪರೀಕ್ಷಿಸಿ, ಬಿಡುವಂತೆ ಮನವೊಲಿಸಿದರು. 1986ರಲ್ಲಿ ಬಂದ ವರದಿ, ಬಿಟ್ಟವರಲ್ಲಿ ಮತ್ತು ಕಡಿಮೆ ಮಾಡಿದವರಲ್ಲಿ ಕ್ಯಾನ್ಸರಿಗೆ ಮುನ್ಸೂಚನೆಯಾದ ಬಿಳಿ ಮಚ್ಚೆಗಳು ಇಳಿದವು ಎಂದು ತೋರಿಸಿತು. ಒಮ್ಮೆ ಅಂಟಿದರೆ ಮುಗಿಯಿತು ಎಂಬ ನಂಬಿಕೆ ಅಲ್ಲಿಗೆ ಸಡಿಲಾಯಿತು.

ಅದೇ ಹೊತ್ತಿಗೆ ಕಿದ್ವಾಯಿಯ ಡಾ. ಎನ್. ಅನಂತ, ಡಾ. ನಂದಕುಮಾರ್ ಮತ್ತವರ ತಂಡ ಕೋಲಾರ ಜಿಲ್ಲೆಗೆ ಹೋಯಿತು. ಒಂದೇ ಮನೆಯಲ್ಲಿ ಕನ್ನಡ, ತೆಲುಗು ಎರಡೂ ಆಡುವ, ರಾಗಿ, ರೇಷ್ಮೆ, ಕೆರೆಗಳ ಸೀಮೆ ಅದು. ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಆರಿಸಿ, ಒಂದು ಭಾಗದಲ್ಲಿ ತಂಬಾಕು ವಿರೋಧಿ ಶಿಕ್ಷಣ ನಡೆಸಿದರು. ಹೋಲಿಕೆಗೆಂದು ಬೇರೆ ಭಾಗಗಳನ್ನು ಹಾಗೆಯೇ ಬಿಟ್ಟರು. ಮೊದಲು ಮನೆಮನೆಯ ಸಮೀಕ್ಷೆ. ಆಮೇಲೆ ಸಿನಿಮಾ ಪ್ರದರ್ಶನ, ಚಿತ್ರಪಟ, ಎಲ್ಲಕ್ಕಿಂತ ಮುಖ್ಯವಾಗಿ ಎದುರುಬದುರು ಕೂತು ಮಾತು. ಕೆಲವು ವರ್ಷಗಳ ನಂತರ ಮತ್ತೆ ಸಮೀಕ್ಷೆ. ಫಲಿತಾಂಶ ಪ್ರಕಟವಾದದ್ದು 1995ರಲ್ಲಿ.

ಶಿಕ್ಷಣ ನಡೆದ ಹಳ್ಳಿಗಳಲ್ಲಿ ತಂಬಾಕು ಬಳಸುತ್ತಿದ್ದ ಗಂಡಸರಲ್ಲಿ ನೂರಕ್ಕೆ 26.5, ಹೆಂಗಸರಲ್ಲಿ ನೂರಕ್ಕೆ 36.7 ಮಂದಿ ಬಿಟ್ಟಿದ್ದರು. ಹೋಲಿಕೆಯ ಹಳ್ಳಿಗಳಲ್ಲಿ ಬಿಟ್ಟವರು ನೂರಕ್ಕೆ ಒಬ್ಬಿಬ್ಬರು.

ಇಂಥ ಸಮೀಕ್ಷೆಗಳು ಜನರ ಮಾತನ್ನೇ ನೆಚ್ಚುತ್ತವೆ. ತಿದ್ದಲು ಬಂದವರ ಮನಸ್ಸು ನೋಯಿಸಬಾರದೆಂದು ‘ಬಿಟ್ಟಿದ್ದೀನಿ ಸ್ವಾಮಿ’ ಎನ್ನುವವರೂ ಇರುತ್ತಾರೆ. ಆ ಸಂಕೋಚವನ್ನು ಕಳೆದರೂ ನೂರಕ್ಕೆ ಒಂದಕ್ಕೂ ಮೂವತ್ತಾರಕ್ಕೂ ನಡುವಿನ ಅಂತರ ಸಣ್ಣದಲ್ಲ. ಹಳ್ಳಿಯ ಹೆಂಗಸರಿಗೆ ಹೇಳಿ ಏನು ಪ್ರಯೋಜನ, ಅವರಿಗೆ ಅರ್ಥವಾಗದು ಎಂಬ ಪೇಟೆಯ ಅಹಂಕಾರಕ್ಕೆ ಈ ಅಂಕಿಯೇ ಉತ್ತರ. ಅವರು ಗಂಡಸರಿಗಿಂತ ಹೆಚ್ಚು ಪ್ರಮಾಣದಲ್ಲಿ ಬಿಟ್ಟರು. ಹಿಂದೆ ಬಿಡದೆ ಇದ್ದದ್ದು ಮೊಂಡುತನದಿಂದ ಅಲ್ಲ. ಯಾರೂ ಬಂದು ಕೂತು ಹೇಳಿರಲಿಲ್ಲ.

ಟಾರ್ಚು ಹಿಡಿದವರು

ಬಿಡಿಸುವುದು ಒಂದು ದಾರಿ. ಬೇಗ ಗುರುತಿಸುವುದು ಇನ್ನೊಂದು. ತಿರುವನಂತಪುರ ಜಿಲ್ಲೆಯಲ್ಲಿ 1996ರಿಂದ ನಡೆದ ದೊಡ್ಡ ಪ್ರಯೋಗವನ್ನು ಡಾ. ಆರ್. ಶಂಕರನಾರಾಯಣನ್ ಮತ್ತವರ ತಂಡ ಮುನ್ನಡೆಸಿತು. ಹದಿಮೂರು ಪ್ರದೇಶಗಳು, ಏಳರಲ್ಲಿ ತಪಾಸಣೆ, ಆರರಲ್ಲಿ ಇಲ್ಲ. ಬಾಯಿ ನೋಡಿದವರು ತಜ್ಞರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಅವರು ಮನೆಮನೆಗೆ ಹೋಗಿ 35 ದಾಟಿದವರ ಬಾಯಿಗಳನ್ನು ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ತಗ್ಗಿತ್ತು.

ಅದೇ ಪ್ರಯೋಗದಲ್ಲಿ ಅಷ್ಟು ಸುದ್ದಿಯಾಗದ ಇನ್ನೊಂದು ಅಂಕಿ ಇದೆ. ಅನುಮಾನ ಕಂಡು ವೈದ್ಯರ ಬಳಿಗೆ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ಹೋದವರು ನೂರಕ್ಕೆ 63. ಅಕ್ಷರಸ್ಥರ ನಾಡು ಕೇರಳದಲ್ಲೇ ಮೂರರಲ್ಲೊಬ್ಬರಿಗೂ ಹೆಚ್ಚು ಮಂದಿ ಆಸ್ಪತ್ರೆಗೆ ಹೋಗಲಿಲ್ಲ. ತಪಾಸಣೆ ಮನೆ ಬಾಗಿಲಿಗೆ ಬಂದರೂ ಚಿಕಿತ್ಸೆಯ ದಾರಿಯನ್ನು ರೋಗಿ ಒಬ್ಬರೇ ನಡೆಯಬೇಕಾದರೆ ಹೀಗಾಗುತ್ತದೆ. ಆ ದಾರಿಯಲ್ಲಿ ಜೊತೆಗೆ ಹೋಗುವವರು ಬೇಕು. ಯಾವ ಬಸ್ಸು, ಯಾವ ಕಿಟಕಿ, ಯಾವ ಕಾಗದ, ಮನೆಯ ಮಕ್ಕಳನ್ನು ಅವತ್ತು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಬಗೆಹರಿಸುವವರು ಬೇಕು. ಈ ಕೆಲಸ ಆಶಾ ಕಾರ್ಯಕರ್ತೆಗೆ, ಸ್ತ್ರೀಶಕ್ತಿ ಸಂಘದ ಗೆಳತಿಗೆ, ಪಕ್ಕದ ಮನೆಯವರಿಗೆ ಆಗುವಷ್ಟು ಚೆನ್ನಾಗಿ ಯಾವ ಯಂತ್ರಕ್ಕೂ ಆಗದು. ಯಂತ್ರ ನೆರವಿಗೆ ಬರಬಹುದು: ಬೆಂಗಳೂರಿನ ಡಾ. ಮೋನಿ ಕುರಿಯಾಕೋಸ್ ಮತ್ತು ಸಂಗಡಿಗರು ರೂಪಿಸಿದ ವ್ಯವಸ್ಥೆಯಲ್ಲಿ ಕಾರ್ಯಕರ್ತೆಯರು ಮೊಬೈಲಿನಲ್ಲಿ ಬಾಯಿಯ ಚಿತ್ರ ತೆಗೆದು ಕಳಿಸುತ್ತಿದ್ದರು, ದೂರದ ತಜ್ಞರು ನೋಡಿ ಹೇಳುತ್ತಿದ್ದರು. ಆದರೆ ‘ಸ್ವಲ್ಪ ಬಾಯಿ ತೆರೀರಿ ಅಮ್ಮಾ’ ಎಂದಾಗ ತೆರೆಯುವುದು ಕೇಳಿದವರ ಮೇಲಿನ ನಂಬಿಕೆಗೆ.

ಸಹಭಾಗಿತ್ವ ಎಂದರೆ

ಸಮುದಾಯದ ಸಹಭಾಗಿತ್ವ ಎಂಬ ಮಾತನ್ನು ಸರಕಾರಿ ಕಡತಗಳು ಸವೆಸಿಬಿಟ್ಟಿವೆ. ತಂಬಾಕು ವಿರೋಧಿ ದಿನ ಮೇ 31ರಂದು ಜಾಥಾ, ಬ್ಯಾನರು, ಭಾಷಣ. ಜೂನ್ ಒಂದಕ್ಕೆ ಎಲ್ಲವೂ ಮೊದಲಿನಂತೆ. ಅದಲ್ಲ ಸಹಭಾಗಿತ್ವ. ನಡೆಸುವ ಹೊಣೆ ಊರಿನವರ ಕೈಗೆ ಹೋದಾಗ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆಗಳಿವೆ.

ದೆಹಲಿ ಮತ್ತು ಚೆನ್ನೈಯ 32 ಶಾಲೆಗಳಲ್ಲಿ 2004ರಿಂದ ಎರಡು ವರ್ಷ ‘ಮೈತ್ರಿ’ ಎಂಬ ತಂಬಾಕು ವಿರೋಧಿ ಯೋಜನೆ ನಡೆಯಿತು. ಪಾಠ ಹೇಳಿದವರಲ್ಲಿ ಮುಖ್ಯರು ಮಕ್ಕಳೇ ಆರಿಸಿದ, ಮಕ್ಕಳೇ ಆದ ಮುಂದಾಳುಗಳು. ಯೋಜನೆ ಇಲ್ಲದ ಶಾಲೆಗಳಲ್ಲಿ ತಂಬಾಕು ಬಳಕೆ ನೂರಕ್ಕೆ 68ರಷ್ಟು ಏರಿದರೆ, ಇದ್ದ ಶಾಲೆಗಳಲ್ಲಿ ನೂರಕ್ಕೆ 17ರಷ್ಟು ಇಳಿಯಿತು. ಬಿಹಾರದ 72 ಶಾಲೆಗಳಲ್ಲಿ ಶಿಕ್ಷಕರ ನಡುವೆಯೇ ನಡೆದ ಕಾರ್ಯಕ್ರಮದ ಕೊನೆಗೆ, ಕೆಲಸ ನಡೆದ ಶಾಲೆಗಳಲ್ಲಿ ತಂಬಾಕು ಬಳಸುವ ಶಿಕ್ಷಕರ ಪೈಕಿ ಅರ್ಧದಷ್ಟು ಮಂದಿ ಬಿಟ್ಟಿದ್ದರು; ಉಳಿದ ಶಾಲೆಗಳಲ್ಲಿ ನೂರಕ್ಕೆ 15. ಒಂಬತ್ತು ತಿಂಗಳ ಬಳಿಕ ನೋಡಿದರೆ ಹಲವರು ಮರಳಿ ಚಟಕ್ಕೆ ಬಿದ್ದಿದ್ದರು. ಬಿಟ್ಟು ಆರು ತಿಂಗಳು ಗಟ್ಟಿಯಾಗಿ ನಿಂತವರು ನೂರಕ್ಕೆ 19, ಉಳಿದ ಶಾಲೆಗಳಲ್ಲಿ ನೂರಕ್ಕೆ 7. ಈ ಇಳಿಕೆಯನ್ನು ಮುಚ್ಚಿಡಬೇಕಿಲ್ಲ. ಜಾರಿದವರನ್ನು ಮತ್ತೆ ಎತ್ತಲು ವರ್ಷಗಟ್ಟಲೆ ಪಕ್ಕದಲ್ಲಿರುವ ಜನ ಬೇಕೆಂದು ಅದು ಹೇಳುತ್ತದೆ.

ಕಾನೂನು ಬೇಡವೆಂದಲ್ಲ. 2003ರ ತಂಬಾಕು ನಿಯಂತ್ರಣ ಕಾಯಿದೆ, ಪೊಟ್ಟಣದ ಮೇಲಿನ ಚಿತ್ರ ಎಚ್ಚರಿಕೆ, 2013ರಲ್ಲಿ ಕರ್ನಾಟಕ ಹೇರಿದ ಗುಟ್ಕಾ ನಿಷೇಧ, ಒಂದೊಂದೂ ಬೇಕಾದದ್ದೇ. ಆದರೆ ಗುಟ್ಕಾ ಹೋದ ಜಾಗಕ್ಕೆ ಪಾನ್‌ಮಸಾಲೆಯ ಒಂದು ಪೊಟ್ಟಣ, ತಂಬಾಕಿನ ಇನ್ನೊಂದು ಪೊಟ್ಟಣ ಜೋಡಿಯಾಗಿ ಬಂದು ಅಂಗಡಿಯ ಸರಕ್ಕೆ ತೂಗಿದವು. ಗಿರಾಕಿ ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ. ಶಾಲೆಯ ಆಸುಪಾಸಿನಲ್ಲಿ ಮಾರಬಾರದು ಎಂಬ ನಿಯಮವನ್ನು ದಿನವೂ ಕಾಯಬಲ್ಲವರು ಇನ್‌ಸ್ಪೆಕ್ಟರಲ್ಲ. ಆ ಶಾಲೆಯ ಪೋಷಕರು, ಪಂಚಾಯಿತಿ, ಹಾಗೂ ತನ್ನ ಮಗುವನ್ನೂ ಅದೇ ಶಾಲೆಗೆ ಕಳಿಸುವ ಅಂಗಡಿಯವನು.

ಈ ಮಾತುಕತೆಗೆ ಇನ್ನಿಬ್ಬರನ್ನು ಕರೆಯಲೇಬೇಕು. ಒಬ್ಬರು ದಕ್ಷಿಣ ಕನ್ನಡ, ಉಡುಪಿಯ ಮನೆಗಳಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರು. ತಂಬಾಕಿನ ದೂಳು ಅವರ ಉಸಿರಿನಲ್ಲಿದೆ. ಅದರ ಕೂಲಿ ಅವರ ಮಕ್ಕಳ ಶಾಲೆ ಫೀಸಿನಲ್ಲಿದೆ. ಇನ್ನೊಬ್ಬರು ಹುಣಸೂರು, ಪಿರಿಯಾಪಟ್ಟಣದ ವರ್ಜೀನಿಯಾ ತಂಬಾಕು ಬೆಳೆಗಾರರು. ಹರಾಜು ಕಟ್ಟೆಯಲ್ಲಿ ಬೆಲೆ ಕುಸಿದರೆ ಮುಳುಗುವವರು, ಹಸಿ ಎಲೆ ಮುರಿಯುವಾಗ ಚರ್ಮದ ಮೂಲಕ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಅನುಭವಿಸುವವರು. ಇವರನ್ನು ವೈರಿಗಳೆಂದು ಬಗೆದು ನಡೆಸುವ ಆಂದೋಲನ ಗೆಲ್ಲುವುದಿಲ್ಲ. ಇವರಿಗೆ ಅಷ್ಟೇ ಭರವಸೆಯ ಇನ್ನೊಂದು ಬೆಳೆ, ಇನ್ನೊಂದು ಕೈಕಸುಬು ಕೊಡಿಸುವುದೂ ಕ್ಯಾನ್ಸರ್ ತಡೆಯ ಕೆಲಸವೇ.

ಬಿಡುವವರ ಪಕ್ಕದಲ್ಲಿ

ಬಿಟ್ಟ ಮೊದಲ ಕೆಲವು ದಿನ ಬಹಳ ಕಷ್ಟ. ಸಿಡುಕು, ನಿದ್ದೆಗೇಡು, ತಲೆನೋವು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು. ನಿಕೋಟಿನ್ನಿಗೆ ಒಗ್ಗಿದ ಮಿದುಳು ಅದಿಲ್ಲದೆ ತನ್ನ ಹದ ಕಂಡುಕೊಳ್ಳಲು ಒದ್ದಾಡುವ ಕಾಲ ಅದು. ಕೆಲವು ವಾರಗಳಲ್ಲಿ ಇದು ತಗ್ಗುತ್ತದೆ. ಬೇಕೆನ್ನಿಸುವ ಆಸೆ ಅಲೆಯಂತೆ ಬಂದು ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಆ ನಿಮಿಷಗಳಲ್ಲಿ ಪಕ್ಕದಲ್ಲಿದ್ದವರು ಸಂಚಿ ಬಿಚ್ಚುತ್ತಾರೋ, ಒಂದು ಲೋಟ ನೀರು ಕೊಟ್ಟು ಮಾತಿಗೆಳೆಯುತ್ತಾರೋ ಎಂಬುದರ ಮೇಲೆ ಎಷ್ಟೋ ನಿಂತಿದೆ. ಮನೆಯಲ್ಲಿ ಬಿಡಲು ಹೊರಟವರಿದ್ದರೆ ನಾವು ಅವರೆದುರು ಹಾಕದಿರುವುದು ಮೊದಲ ನೆರವು. ವೈದ್ಯರ ಸಲಹೆಯಂತೆ ನಿಕೋಟಿನ್ ಗಮ್ ಬಳಸಬಹುದು. ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು. ನಾಲ್ಕು ಸಲ ಬಿಟ್ಟು ನಾಲ್ಕು ಸಲ ಸೋತವರನ್ನು ಹಂಗಿಸದೆ ಐದನೆಯ ಸಲಕ್ಕೆ ಹುರಿದುಂಬಿಸಬೇಕು.

ಮನೆ ಬಾಗಿಲಿಗೇ ಹೋಗಿ ರೋಗಗಳನ್ನು ತಪಾಸಣೆ ಮಾಡುವ ಕರ್ನಾಟಕದ ‘ಗೃಹ ಆರೋಗ್ಯ’ ಯೋಜನೆ 2024ರಲ್ಲಿ ಪ್ರಾಯೋಗಿಕವಾಗಿ ಶುರುವಾದದ್ದು ಕೋಲಾರದಿಂದಲೇ. ಅದು ನೋಡುವ ಕಾಯಿಲೆಗಳಲ್ಲಿ ಬಾಯಿ ಕ್ಯಾನ್ಸರೂ ಒಂದು. ಸುಮಾರು ನಾಲ್ಕು ದಶಕಗಳ ಹಿಂದೆ ಸಂಶೋಧಕರು ಪ್ರಶ್ನೆ ಹಿಡಿದು ಬಂದ ಜಿಲ್ಲೆಗೆ ಈಗ ಕಾರ್ಯಕರ್ತೆಯರು ಟಾರ್ಚು ಹಿಡಿದು ಬಂದಿದ್ದಾರೆ. ಅಂದು ಬಿಟ್ಟವರ ಮೊಮ್ಮಕ್ಕಳೂ ಅವರಲ್ಲಿ ಇರಬಹುದು.

ಅಜ್ಜಿಯ ಸಂಚಿಯಲ್ಲಿ ಪ್ರೀತಿಯಿತ್ತು ಎಂಬುದು ಸುಳ್ಳಲ್ಲ. ಕೂತು ಹೋಗು ಎಂಬ ಕರೆ, ಹಂಚಿಕೊಳ್ಳುವ ಕೈ, ಕಷ್ಟಸುಖದ ಮಾತು ಎಲ್ಲವೂ ಅದರಲ್ಲಿದ್ದವು. ಹೊಗೆಸೊಪ್ಪು ಅವುಗಳ ಬೆನ್ನೇರಿ ಬಂತು. ಆ ಕರೆ, ಆ ಮಾತು ನಮಗಿನ್ನೂ ಬೇಕು. ಬಿಡುವವರಿಗಂತೂ ಅದಿಲ್ಲದೆ ಆಗುವುದಿಲ್ಲ. ನಾನೂರು ವರ್ಷದ ಹಿಂದೆ ಬಂದು ಸೇರಿದ ಕೊನೆಯ ಅರೆಯೊಂದನ್ನು ನಾವು ಜಗಲಿಯ ಮೇಲೆ ಒಟ್ಟಿಗೆ ಕೂತು ಖಾಲಿ ಮಾಡಬಹುದು.